ಕಾಫಿ ನಾಡಿನಲ್ಲೇ ಆರಿದ ಕಾಫಿ, ಅದರ ಮೇಲೆ ಸೇವಾ ಶುಲ್ಕ: ಇದನ್ನು ಸಹಿಸಿಕೊಂಡು ಸುಮ್ಮನಿರಬೇಕೇ?

ಕಣದಂಚು:
ಕಳೆದ ಶನಿವಾರ ಬೆಳಿಗ್ಗೆ ಅಪ್ಪನನ್ನು ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಕರೆದೊಯ್ದು, ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಿಕೊಂಡು ಬರುವಾಗ ಮಳೆ ಹಿಡಿದುಕೊಂಡಿತು. ಕಕ್ಕಡ ತಿಂಗಳ ಮಳೆಯೆಂದರೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ಮನೆಯಿರುವ ಬೀದಿಯ ತುದಿಯಲ್ಲಿ ಒಂದೂವರೆ ವರ್ಷದಿಂದ ನಡೆಯುತ್ತಿರುವ ಕಾಫಿ ಅಂಗಡಿಗೆ ಹೋಗಿ ಕುಳಿತೆವು. ಅಂಗಡಿಯ ಹೆಸರನ್ನು ನಾನು ಬರೆಯುವುದಿಲ್ಲ. ದಯವಿಟ್ಟು ಯಾರೂ ಕೇಳಬೇಡಿ.

ಕಿಟಕಿಯ ಬಳಿಯ ಮೇಜು ಖಾಲಿಯಿತ್ತು. ಅಲ್ಲಿ ಕುಳಿತು ಎರಡು ಫಿಲ್ಟರ್ ಕಾಫಿ, ಒಂದು ಪ್ಲೇಟ್ ಅಕ್ಕಿರೊಟ್ಟಿ ಹೇಳಿದೆವು. ಅಷ್ಟರಲ್ಲಿ ಕಾರಿನಿಂದಿಳಿದ ಆರು ಮಂದಿ ಪ್ರವಾಸಿಗರು ಒಳಗೆ ಬಂದರು. ಸಪ್ಲೈಯರ್ ಹುಡುಗ ನಮ್ಮ ಬಳಿಗೆ ಬಂದು, ಗಲ್ಲಾದ ಕಡೆ ಒಮ್ಮೆ ನೋಡಿ, ಕೈ ತೊಳೆಯುವ ನಲ್ಲಿಯ ಪಕ್ಕದ ಮೇಜಿಗೆ ಹೋಗಬೇಕೆಂದು ಸನ್ನೆ ಮಾಡಿದ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಎಪ್ಪತ್ತನಾಲ್ಕು ವರ್ಷದ ಅಪ್ಪ ಒಂದು ಮಾತನ್ನೂ ಆಡದೆ ಎದ್ದು, ಕೊಡೆಯನ್ನು ಊರಿಕೊಂಡು ಆ ಮೇಜಿಗೆ ಹೋದರು.

ಕಾಫಿ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ನಮಗಿಂತ ತಡವಾಗಿ ಬಂದವರ ಮೇಜಿಗೆ ಮೊದಲೇ ಹೋಗಿತ್ತು. ದಪ್ಪ ಪಿಂಗಾಣಿ ಕಪ್ಪಿನಲ್ಲಿ ಬಂದ ನಮ್ಮ ಕಾಫಿಯ ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟಿತ್ತು. ಅಪ್ಪ ಆ ಕೆನೆಯನ್ನು ಚಮಚದ ತುದಿಯಿಂದ ಎತ್ತಿ ಸಾಸರಿನ ಅಂಚಿಗಿಟ್ಟು, ಒಂದು ಗುಟುಕು ಕುಡಿದು, "ಪುಡಿ ಯಾವುದಪ್ಪಾ?" ಎಂದು ಕೇಳಿದರು. ಐವತ್ತು ವರ್ಷ ಕಾಫಿ ಬೆಳೆದವರಿಗೆ ಅದನ್ನು ಕೇಳುವ ಅಭ್ಯಾಸ. ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗಲ್ಲಾದಲ್ಲಿದ್ದವರು ಮೊಬೈಲಿನಿಂದ ಕಣ್ಣೆತ್ತದೆ "ಫಿಲ್ಟರ್ ಕಾಫಿ ಸರ್" ಎಂದರು. ಬಿಸಿ ಮಾಡಿಕೊಡುವಂತೆ ನಾನು ಕೇಳಿದ್ದಕ್ಕೆ, ಮತ್ತೆ ಕಾಯಿಸಿದರೆ ಹಾಲು ಒಡೆಯುತ್ತದೆ ಎಂಬ ಉತ್ತರ ಸಿಕ್ಕಿತು.

ಬಿಲ್ಲು ಹೀಗಿತ್ತು: ಕಾಫಿ 140, ರೊಟ್ಟಿ 90, ಸೇವಾ ಶುಲ್ಕ 23, ಜಿಎಸ್‌ಟಿ 12.65, ಒಟ್ಟು 266 ರೂಪಾಯಿ. ಯಾವ ಸೇವೆಗೆ ಈ 23 ರೂಪಾಯಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹಣವಿಟ್ಟು ಎದ್ದಾಗಿತ್ತು. ಇಂಥ ಕಡೆ ಜಗಳವಾಡುವುದು ಸರಿಯೋ, ಇನ್ನು ಮುಂದೆ ಹೋಗದಿರುವುದು ಸರಿಯೋ?

ಹಾರಂಗಿ ಹಿನ್ನೀರು:
ನಲ್ಲಿಯ ಪಕ್ಕದ ಮೇಜು ಎಂದೊಡನೆ ಅಂಗಡಿ ಯಾವುದೆಂದು ನನಗೆ ತಿಳಿಯಿತು. ನಾನೂ ಅದೇ ಮೇಜಿನ ಸಂತ್ರಸ್ತ.

ಲೆಕ್ಕದ ಪುಸ್ತಕ:
ಕಣದಂಚು ಅವರೇ, ಆ ಬಿಲ್ಲನ್ನು ಎಸೆಯಬೇಡಿ. ಹೋಟೆಲುಗಳು ಸೇವಾ ಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಕೊಡುವುದೂ ಬಿಡುವುದೂ ಗ್ರಾಹಕರ ಇಷ್ಟ. ಹೋಟೆಲು ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದಕ್ಕೆ ತಡೆ ತಂದಿದ್ದವು. 2025ರ ಮಾರ್ಚ್ 28ರಂದು ಅದೇ ನ್ಯಾಯಾಲಯ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ನಿಮ್ಮ ಬಿಲ್ಲಿನಲ್ಲಿ ಇನ್ನೂ ಒಂದು ತಪ್ಪಿದೆ. 230 ರೂಪಾಯಿಗೆ ಶೇ. 5ರ ತೆರಿಗೆ 11.50 ಆಗಬೇಕಿತ್ತು. ಅವರು 23 ರೂಪಾಯಿಯನ್ನೂ ಕೂಡಿಸಿ 253ರ ಮೇಲೆ ತೆರಿಗೆ ಹಾಕಿರುವುದರಿಂದ 12.65 ಆಗಿದೆ. ಹೀಗೆ ಶುಲ್ಕವನ್ನು ಬಿಲ್ಲಿಗೆ ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಬಾರದೆಂಬುದು ಅದೇ ಮಾರ್ಗಸೂಚಿಯಲ್ಲಿದೆ. ತೆಗೆದುಹಾಕಿ ಎಂದು ಮೊದಲು ಅಂಗಡಿಯಲ್ಲೇ ಕೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾಧಿಕಾರಿಗಳಿಗೆ ದೂರು ಕೊಡಿ.

ಜೀಪ್ ಸ್ಟ್ಯಾಂಡ್:
1 ರೂಪಾಯಿ 15 ಪೈಸೆಗೆ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕೆನ್ನುತ್ತೀರಾ? ಆಟೋಗೇ ಅದಕ್ಕಿಂತ ಹೆಚ್ಚಾಗುತ್ತದೆ.

ಲೆಕ್ಕದ ಪುಸ್ತಕ:
ದಿನಕ್ಕೆ ನೂರು ಬಿಲ್ಲು ಹರಿಯುವ ಅಂಗಡಿಯ ತಿಂಗಳ ಲೆಕ್ಕವನ್ನು ನೀವೇ ಮಾಡಿ ನೋಡಿ. ಒಬ್ಬೊಬ್ಬರೂ ನಿಮ್ಮ ಹಾಗೆ ಆಟೋ ಬಾಡಿಗೆ ಎಣಿಸುತ್ತಾರೆಂಬ ಧೈರ್ಯದ ಮೇಲೆಯೇ ಅವರು ಅದನ್ನು ಬರೆಯುವುದು.

ಗೋಣಿಕೊಪ್ಪದ ಗಲ್ಲಾ:
ನಾನು ಗೋಣಿಕೊಪ್ಪದಲ್ಲಿ ಹನ್ನೊಂದು ವರ್ಷದಿಂದ ಸಣ್ಣ ಹೋಟೆಲು ನಡೆಸುತ್ತಿದ್ದೇನೆ. ಸೇವಾ ಶುಲ್ಕವನ್ನು ನಾನು ಹಾಕುವುದಿಲ್ಲ, ಹಾಕುವವರನ್ನು ಸಮರ್ಥಿಸುವುದೂ ಇಲ್ಲ. ಆದರೆ ಗಲ್ಲಾದ ಈಚೆ ಬದಿಯ ಮಾತನ್ನೂ ಸ್ವಲ್ಪ ಕೇಳಿ.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ನಮ್ಮ ವ್ಯಾಪಾರ ಅರ್ಧಕ್ಕಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ವಾರಗಟ್ಟಲೆ ಬಾಗಿಲು ಹಾಕಿದ್ದೆವು. ಆ ನಷ್ಟ ತುಂಬುವ ಹೊತ್ತಿಗೆ ಕೊರೊನಾ ಬಂತು. ಬಾಡಿಗೆ ಮಾತ್ರ ಯಾವ ತಿಂಗಳೂ ನಿಂತಿಲ್ಲ. ಕೆಲಸಕ್ಕೆ ಊರಿನ ಹುಡುಗರು ಸಿಗುವುದಿಲ್ಲ. ಸಿಕ್ಕವರು ಹೋಂಸ್ಟೇಗೆ ಹೋಗುತ್ತಾರೆ, ಹೋಂಸ್ಟೇಯಿಂದ ಬೆಂಗಳೂರಿಗೆ ಹೋಗುತ್ತಾರೆ. ಶನಿವಾರ, ಭಾನುವಾರ ಬರುವ ಪ್ರವಾಸಿಗರ ಹಣದಲ್ಲೇ ಉಳಿದ ಐದು ದಿನ ಒಲೆ ಉರಿಯಬೇಕು. ಆರು ಮಂದಿಯ ಗುಂಪು ಬಾಗಿಲಲ್ಲಿ ನಿಂತಾಗ ಇಬ್ಬರು ಕುಳಿತ ದೊಡ್ಡ ಮೇಜಿನ ಕಡೆಗೆ ಯಾವ ಮಾಲೀಕನ ಕಣ್ಣೂ ಹೋಗುತ್ತದೆ. ಕಾಫಿಯ ದರ ಏರಿಸಿದರೆ ಜನ ಬೈಯುತ್ತಾರೆ, ಆದರೆ 2024ರಲ್ಲಿ ರೊಬಸ್ಟಾ ತಳಿಯ ಕಾಫಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿದ್ದು ಇಲ್ಲಿ ಎಲ್ಲರಿಗೂ ಗೊತ್ತಿದೆ.

ಇನ್ನು ಆರಿದ ಕಾಫಿ ಸೋಮಾರಿತನವಷ್ಟೇ, ಅದಕ್ಕೆ ಸಮಜಾಯಿಷಿ ಇಲ್ಲ. ಈ ಚಳಿಯಲ್ಲಿ ಕಪಾಟಿನಿಂದ ತೆಗೆದ ದಪ್ಪ ಪಿಂಗಾಣಿ ಕಪ್ಪು ಕಲ್ಲಿನಂತೆ ತಣ್ಣಗಿರುತ್ತದೆ. ಸುರಿದ ಕಾಫಿಯ ಬಿಸಿಯನ್ನು ಅದೇ ಕುಡಿದುಬಿಡುತ್ತದೆ. ನಮ್ಮಲ್ಲಿ ಒಲೆಯ ಪಕ್ಕ ಒಂದು ಅಗಲವಾದ ಪಾತ್ರೆಯಲ್ಲಿ ಬಿಸಿನೀರಿಟ್ಟು ಲೋಟಗಳನ್ನು ಅದರಲ್ಲಿ ಅದ್ದಿಡುತ್ತೇವೆ. ಕಾಫಿ ಬೆರೆಸುವಾಗಲೇ ಲೋಟ ತೆಗೆದು, ನೀರು ಕೊಡವಿ, ಡಿಕಾಕ್ಷನ್ ಹಾಕಿ, ಅದರ ಮೇಲೆ ಉಕ್ಕುವ ಹಾಲು ಹಾಕಬೇಕು. ಇದಕ್ಕೆ ಒಂದು ಪೈಸೆಯೂ ಹೆಚ್ಚು ತಗಲುವುದಿಲ್ಲ.

ಪಾರ್ಚ್‌ಮೆಂಟ್:
ಗಲ್ಲಾ ಅವರೇ, ರೊಬಸ್ಟಾ ಬೆಲೆಯನ್ನು ಇಲ್ಲಿಗೆ ತರಬೇಡಿ. ಒಂದು ಕಪ್ಪಿಗೆ ಹತ್ತು ಗ್ರಾಂ ಪುಡಿ ಹಾಕುತ್ತೀರೆಂದು ಧಾರಾಳವಾಗಿ ಹಿಡಿಯೋಣ. ಪುಡಿ ಕಿಲೋಗೆ 800 ರೂಪಾಯಿಯಾದರೂ ಕಪ್ಪಿಗೆ 8 ರೂಪಾಯಿಯ ಪುಡಿ. ಅದು ಇಮ್ಮಡಿಯಾದರೂ 16 ರೂಪಾಯಿ. 70 ರೂಪಾಯಿಯ ಕಾಫಿಯಲ್ಲಿ ಉಳಿದ 54 ರೂಪಾಯಿಗೂ ಬೆಳೆಗಾರನಿಗೂ ಸಂಬಂಧವಿಲ್ಲ. ಬೆಲೆ ಬಿದ್ದ ವರ್ಷಗಳಲ್ಲಿ ನಾವು ಚೆರ್ರಿಯನ್ನು, ಅಂದರೆ ಒಣಗಿಸಿದ ಕಾಫಿ ಹಣ್ಣನ್ನು, ಚೀಲದಲ್ಲೇ ಇಟ್ಟುಕೊಂಡು ಕಾದೆವಲ್ಲ, ಆಗ ಯಾವ ಹೋಟೆಲಿನವರು ಕಾಫಿಯ ದರ ಇಳಿಸಿದರು?

ಗೋಣಿಕೊಪ್ಪದ ಗಲ್ಲಾ:
ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಹಾಲು, ಗ್ಯಾಸು, ಸಂಬಳ, ಬಾಡಿಗೆಗಳನ್ನು ನೀವು ಒಂದೇ ಉಸಿರಿನಲ್ಲಿ ನುಂಗಿಬಿಟ್ಟಿರಿ.

ಮೈಸೂರಿನ ಅತಿಥಿ:
ನಾನು ವರ್ಷಕ್ಕೆ ಎರಡು ಮೂರು ಸಲ ಕೊಡಗಿಗೆ ಬರುವವನು. ಸ್ಥಳೀಯರನ್ನು ಎಬ್ಬಿಸಿ ಕೊಟ್ಟ ಮೇಜಿನಲ್ಲಿ ಕುಳಿತಿದ್ದೇವೆಂದು ಪ್ರವಾಸಿಗರಿಗೆ ತಿಳಿಯುವುದೇ ಇಲ್ಲ. ತಿಳಿದರೆ ಬಹುಮಂದಿ ಬೇಡವೆನ್ನುತ್ತಾರೆ. ನಮಗೂ ಅಂಥ ರಾಜಮರ್ಯಾದೆಯೇನೂ ಸಿಗುವುದಿಲ್ಲ. ಕಳೆದ ಸಲ ರಾಜಾಸೀಟ್ ನೋಡಿಕೊಂಡು ಬರುವಾಗ ಒಂದು ಕಡೆ 20 ರೂಪಾಯಿ ಎಂದು ಮುದ್ರಿಸಿದ್ದ ನೀರಿನ ಬಾಟಲಿಗೆ 40 ತೆಗೆದುಕೊಂಡರು. ಇದು ಶುದ್ಧ ಕಾನೂನುಬಾಹಿರ ಅಲ್ಲವೇ?

ಹಾರಂಗಿ ಹಿನ್ನೀರು:
ಖಂಡಿತವಾಗಿಯೂ ಕಾನೂನುಬಾಹಿರ. ಮುದ್ರಿತ ಬೆಲೆಗಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ.

ಲೆಕ್ಕದ ಪುಸ್ತಕ:
ಅಷ್ಟು ಖಂಡಿತ ಬೇಡ. ಅಂಗಡಿಯಲ್ಲಿ ಕೊಂಡು ಒಯ್ಯುವ ಬಾಟಲಿಗೆ ನಿಮ್ಮ ಮಾತು ಸರಿ. ಹೋಟೆಲಿನಲ್ಲಿ ಕುಳಿತು, ಅವರು ತಂದುಕೊಟ್ಟು ಕುಡಿಯುವುದು ಬರಿಯ ಮಾರಾಟವಲ್ಲ, ಅದರಲ್ಲಿ ಸೇವೆಯೂ ಸೇರಿದೆ, ಆದ್ದರಿಂದ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ಹೇಳಿದೆ. ನನಗೂ ಆ ತೀರ್ಪು ಹಿಡಿಸಿಲ್ಲ, ಆದರೆ ಇರುವುದು ಅದೇ.

ಬೆಲ್ಲದ ಕಾಪಿ:
ಹಾಗಾದರೆ ಬಾಟಲಿಯ ಬೆಲೆಯಲ್ಲೇ ಸೇವೆ ಸೇರಿದೆ, ಅದರ ಮೇಲೆ ಸೇವಾ ಶುಲ್ಕ ಬೇರೆ. ನಲ್ಲಿಯ ಪಕ್ಕ ಕೂರಿಸಿದ್ದಕ್ಕೆ ನೀರಿನ ಶುಲ್ಕವನ್ನೂ ಹಾಕಲಿಲ್ಲವೆಂದು ಸಂತೋಷಪಡಿ.

ಕಾಲೂರು ಕಡೆಯವ:
ಎಲ್ಲರೂ ತೆರಿಗೆಯ ಸುತ್ತಲೇ ತಿರುಗುತ್ತಿದ್ದೀರಿ. ಮುಖ್ಯ ವಿಷಯ ಬೇರೆಯಿದೆ. ಕೊಡಗಿನಲ್ಲಿ ಅಂಗಡಿ ಇಟ್ಟುಕೊಂಡು, ಕನ್ನಡವೂ ಬಾರದ, ಕೊಡವ ತಕ್ಕೂ ಬಾರದ, ಅರೆಭಾಷೆಯೂ ಬಾರದ ಹುಡುಗನನ್ನು ಮೇಜಿನ ಬಳಿ ನಿಲ್ಲಿಸಿದರೆ ಹಿರಿಯರು ಯಾರೊಂದಿಗೆ ಮಾತಾಡಬೇಕು? "ಪುಡಿ ಯಾವುದಪ್ಪಾ" ಎಂಬ ಮೂರು ಪದ ಅರ್ಥವಾಗದವನು ಗ್ರಾಹಕರ ಸೇವೆಯನ್ನು ಹೇಗೆ ಮಾಡುತ್ತಾನೆ?

ಕಣದಂಚು:
ಅದು ಎರಡು ಪದ! ಹುಡುಗನ ಮೇಲೆ ನನಗೆ ಸಿಟ್ಟಿಲ್ಲವೆಂಬುದನ್ನು ಮೊದಲೇ ಬರೆಯಬೇಕಿತ್ತು. ಅವನು ನೋಡಿದರೆ ಹತ್ತೊಂಬತ್ತು ದಾಟಿರಲಿಕ್ಕಿಲ್ಲ. ಮೇಜು ಬದಲಿಸುವಾಗ ಅಪ್ಪನ ಕೈಯಲ್ಲಿದ್ದ ಆಸ್ಪತ್ರೆಯ ಚೀಟಿಯನ್ನೂ ಮಾತ್ರೆಯ ಚೀಲವನ್ನೂ ಅವನೇ ಎತ್ತಿಕೊಂಡು ಬಂದು, ನೀರು ಚೆಲ್ಲಿದ್ದ ಮೇಜನ್ನು ಒರೆಸಿ ಇಟ್ಟ. ನನ್ನ ದೂರು ಗಲ್ಲಾದಲ್ಲಿದ್ದವರ ಮೇಲೆ.

ಹಳೇ ಸಪ್ಲೈಯರ್:
ನಾನು ಕುಶಾಲನಗರದಲ್ಲಿ ಮೂರು ವರ್ಷ, ಮಡಿಕೇರಿಯಲ್ಲಿ ಎರಡು ವರ್ಷ ಸಪ್ಲೈಯರ್ ಆಗಿದ್ದವನು. ಈಗ ಬೇರೆ ಕೆಲಸದಲ್ಲಿದ್ದೇನೆ. ಈ ಮಾತನ್ನು ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಮೇಜು ಬದಲಿಸುವ ನಿರ್ಧಾರ ಸಪ್ಲೈಯರ್‌ನದಲ್ಲ. ಗಲ್ಲಾದಿಂದ ಹುಬ್ಬು ಹಾರುತ್ತದೆ, ನಾವು ಹೋಗಿ ಬೈಸಿಕೊಳ್ಳುತ್ತೇವೆ. ದೊಡ್ಡ ಗುಂಪಿನ ಆರ್ಡರ್ ಮೊದಲು, ಒಂದೆರಡು ಕಾಫಿಯವರದು ಆಮೇಲೆ ಎಂಬುದು ನಾನು ಕೆಲಸ ಮಾಡಿದ ಎರಡೂ ಕಡೆ ಬರೆಯದ ನಿಯಮವಾಗಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಎರಡು ಕಾಫಿ ಸಿದ್ಧವಾಗಿ ನಿಂತಿರುತ್ತವೆ. ನಾನು ಕೈಚಾಚುವಷ್ಟರಲ್ಲಿ "ಅದನ್ನು ಬಿಡು, ಮೊದಲು ಆ ಮೇಜಿನ ಆರ್ಡರ್ ಬರೆದುಕೋ" ಎಂದು ಕೂಗು ಬರುತ್ತದೆ. ಆರು ಮಂದಿ ಯೋಚಿಸಿ, ಬದಲಿಸಿ, ಮಕ್ಕಳನ್ನು ಕೇಳಿ, ಮತ್ತೆ ಬದಲಿಸಿ ಹೇಳಿ ಮುಗಿಸುವಷ್ಟರಲ್ಲಿ ಕಿಟಕಿಯಲ್ಲಿದ್ದ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. ಅದನ್ನು ಚೆಲ್ಲಿ ಹೊಸದು ಮಾಡೆಂದರೆ ಹಾಲಿನ ದುಡ್ಡು ಯಾರ ಲೆಕ್ಕಕ್ಕೆ? ನನ್ನ ಸಂಬಳದಿಂದ ಎರಡು ಸಲ ಮುರಿದುಕೊಂಡಿದ್ದಾರೆ. ಹಾಗಾಗಿ ಕೆನೆಯನ್ನು ಚಮಚದಿಂದ ತೆಗೆದು, ಮೇಲೆ ಸ್ವಲ್ಪ ನೊರೆ ಹಾಕಿ ಒಯ್ಯುವುದನ್ನು ನಾನೂ ಮಾಡಿದ್ದೇನೆ. ಆ ಹುಡುಗನಿಗೆ ಅಷ್ಟು ಚಾಲಾಕಿತನವೂ ಇನ್ನೂ ಬಂದಿಲ್ಲ.

ಸೇವಾ ಶುಲ್ಕದ ಬಗ್ಗೆ ಹೇಳುವುದಾದರೆ, ಎರಡನೆಯ ಅಂಗಡಿಯಲ್ಲಿ ಪ್ರತಿ ಬಿಲ್ಲಿಗೂ ಅದನ್ನು ಹಾಕುತ್ತಿದ್ದರು. ಎರಡು ವರ್ಷದಲ್ಲಿ ಅದರಲ್ಲಿ ಒಂದು ರೂಪಾಯಿಯೂ ನನ್ನ ಕೈ ಸೇರಲಿಲ್ಲ. ಅದಿರುವುದರಿಂದ ಜನ ಟಿಪ್ಸ್ ಇಡುವುದನ್ನೂ ನಿಲ್ಲಿಸಿದರು. ಎಲ್ಲ ನಮಗೇ ಬರುತ್ತದೆಂದು ಅವರ ನಂಬಿಕೆ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದರೆ ರಾತ್ರಿ ಹತ್ತಕ್ಕೆ ಇಳಿಸುತ್ತಿದ್ದೆವು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಯಾರಾದರೂ ನಗುತ್ತಾ ಮಾತಾಡಿಸಿದರೂ ಉತ್ತರ ಕೊಡಲು ಮುಖದಲ್ಲಿ ಶಕ್ತಿ ಉಳಿದಿರುತ್ತಿರಲಿಲ್ಲ.

ಕಾಲೂರು ಕಡೆಯವರೇ, ನಾನು ಕನ್ನಡ ಬಲ್ಲವನೇ. ನನ್ನ ಕೈಯಿಂದಲೂ ಜನ ಆರಿದ ಕಾಫಿಯನ್ನೇ ಕುಡಿದರು.

ಕಾಲೂರು ಕಡೆಯವ:
ನಿಮ್ಮ ಮಾತನ್ನು ಒಪ್ಪುತ್ತೇನೆ, ಬಿಸಿಯ ಮಟ್ಟಿಗೆ. ಆದರೂ ನಾಲ್ಕು ಮಾತು ಕಲಿಸಿ ನಿಲ್ಲಿಸುವ ಹೊಣೆ ಮಾಲೀಕರದು. ಕುಯ್ಲಿನ ಕಾಲದಲ್ಲಿ ಅಸ್ಸಾಮಿನಿಂದ ಬರುವ ಕಾರ್ಮಿಕರು ನಮ್ಮ ತೋಟದಲ್ಲಿ ಒಂದು ತಿಂಗಳಿನಲ್ಲಿ ಹಣ್ಣು, ಕಾಯಿ, ಚೀಲ, ತೂಕ ಎಲ್ಲವನ್ನೂ ಕಲಿಯುತ್ತಾರೆ, ಏಕೆಂದರೆ ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕೂತು ಕಲಿಸುತ್ತಾರೆ.

ಬೆಲ್ಲದ ಕಾಪಿ:
ತೂಕ ಮೊದಲು ಕಲಿಯುತ್ತಾರೆ. ಅದರ ಮೇಲೆ ಕೂಲಿ ನಿಂತಿದೆಯಲ್ಲ.

ಶುಕ್ರವಾರದ ಸಂತೆ:
ಸೇವಾ ಶುಲ್ಕ ಸಪ್ಲೈಯರ್‌ಗೆ ಸೇರುವುದಿಲ್ಲ ಎಂದು ಓದಿದಾಗ ಬೆಂಗಳೂರಿನಲ್ಲಿ ಓದುತ್ತಿದ್ದ ದಿನಗಳ ಕಾಫಿ ಹೌಸ್ ನೆನಪಾಯಿತು. ಕಾಫಿ ಮಂಡಳಿಯು 1950ರ ದಶಕದಲ್ಲಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, ಕೆಲಸ ಕಳೆದುಕೊಂಡವರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು 1957ರಿಂದ ಅವುಗಳನ್ನು ತಾವೇ ನಡೆಸಿದರು. ತಟ್ಟೆ ಹಿಡಿದು ಬರುವವನೇ ಸಂಘದ ಸದಸ್ಯ. ಅಲ್ಲಿಯ ಸೇವೆ ಚುರುಕಾಗಿತ್ತೆಂದು ನಾನು ಪ್ರಮಾಣ ಮಾಡಲಾರೆ, ಕೆಲವೊಮ್ಮೆ ಅರ್ಧ ದಿನಪತ್ರಿಕೆ ಮುಗಿದರೂ ಕಾಫಿ ಬರುತ್ತಿರಲಿಲ್ಲ. ಆದರೆ ಒಂದು ಕಾಫಿಗೆ ಎರಡು ಗಂಟೆ ಕುಳಿತರೂ ಯಾರೂ ಎಬ್ಬಿಸಿದ್ದಿಲ್ಲ.

ಗೋಣಿಕೊಪ್ಪದ ಗಲ್ಲಾ:
ಒಂದು ಕಾಫಿಗೆ ಎರಡು ಗಂಟೆ! ನಿಮ್ಮಂಥವರನ್ನು ನೆನೆದೇ ನಾನು ಕಿಟಕಿಯ ಬಳಿ ಮೇಜು ಹಾಕಿಲ್ಲ.

ಹೂಮಳೆ:
ಇಷ್ಟು ಹೊತ್ತಾದರೂ ಕಣದಂಚು ಅವರ ತಂದೆಯವರ ಪ್ರಶ್ನೆಗೆ ಯಾರೂ ಬರಲಿಲ್ಲ. ಆ ಅಂಗಡಿಯ ಪುಡಿ ಯಾವುದು? ಕೊಡಗಿನ ಅರೇಬಿಕಾ ತಳಿಯ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಊರಿನ ಹೆಸರನ್ನು ಅಲ್ಲಿಯ ಬೆಳೆಗೇ ಮೀಸಲಿಡುವ ಗುರುತು, ಸಿಕ್ಕಿದೆ. ಪೇಟೆಯ ಅರ್ಧ ಅಂಗಡಿಗಳ ಬೋರ್ಡಿನಲ್ಲಿ ಕೂರ್ಗ್ ಕಾಫಿ ಎಂದಿರುತ್ತದೆ. ಒಳಗೆ ಹೋಗಿ ಕೇಳಿದರೆ ಯಾವ ತೋಟದ್ದು, ಅರೇಬಿಕಾವೋ ರೊಬಸ್ಟಾವೋ, ಚಿಕೋರಿ ಎಷ್ಟು ಎಂಬುದಕ್ಕೆ ಉತ್ತರವಿರುವುದಿಲ್ಲ. ಮೀನಿನಂಗಡಿಯಲ್ಲಿ ಮೀನು ಯಾವುದೆಂದು ಹೇಳಲಾರದವನ ಬಳಿ ನಾವು ಮೀನು ಕೊಳ್ಳುತ್ತೇವೆಯೇ?

ಮೈಸೂರಿನ ಅತಿಥಿ:
ಚಿಕೋರಿ ಎಂದರೆ ಕಲಬೆರಕೆಯೇ ಅಲ್ಲವೇ? ಅದನ್ನು ಹಾಕಿದರೆ ದೂರು ಕೊಡಬಹುದೇ?

ಪಾರ್ಚ್‌ಮೆಂಟ್:
ಕಲಬೆರಕೆಯಲ್ಲ, ಮುಚ್ಚಿಟ್ಟರೆ ಮಾತ್ರ ಮೋಸ. ಚಿಕೋರಿ ಎಂಬುದು ಗುಜರಾತ್, ಉತ್ತರ ಪ್ರದೇಶಗಳ ಹೊಲಗಳಲ್ಲಿ ಬೆಳೆಯುವ ಒಂದು ಬೇರು. ಅದನ್ನು ಹುರಿದು ಪುಡಿ ಮಾಡುತ್ತಾರೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ನಿಯಮ. ಸ್ವಲ್ಪ ಚಿಕೋರಿಯಿದ್ದರೆ ಡಿಕಾಕ್ಷನ್‌ಗೆ ಬಣ್ಣ, ಮಂದ ಬರುತ್ತದೆ. ಹಾಲು ಹೆಚ್ಚು ಹಾಕುವವರಿಗೆ ಅದೇ ಇಷ್ಟ. ಹೋಟೆಲಿನವರಿಗೂ ಇಷ್ಟ, ಕಡಿಮೆ ಪುಡಿಯಲ್ಲಿ ಕಪ್ಪು ಡಿಕಾಕ್ಷನ್ ಇಳಿಯುತ್ತದೆಯಲ್ಲ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನನ್ನು ಸಂಜೆಯವರೆಗೆ ಕಾಯಿಸುತ್ತಾ ಹೋದರೆ ಮಾತ್ರ ಎಂಥ ಪುಡಿಯೂ ಕಹಿಯಾಗುತ್ತದೆ. ಡಿಕಾಕ್ಷನ್ ಇರುವ ಪಾತ್ರೆಯನ್ನು ಬಿಸಿನೀರಿನಲ್ಲಿ ಇಡಬೇಕೇ ಹೊರತು ಉರಿಯ ಮೇಲಲ್ಲ.

ಬೆಲ್ಲದ ಕಾಪಿ:
ಹಾಲು, ಚಿಕೋರಿ ಎರಡರ ಗೊಡವೆಯೂ ಬೇಡವೆಂದರೆ ನಮ್ಮ ಅಜ್ಜಿಯ ಬೆಲ್ಲದ ಕಾಪಿಯಿದೆ. ನೀರು, ಬೆಲ್ಲ, ಪುಡಿ, ಅಷ್ಟೇ. ಒಡೆಯಲು ಅದರಲ್ಲಿ ಹಾಲೇ ಇಲ್ಲವಾದ್ದರಿಂದ ಎಷ್ಟು ಸಲ ಬೇಕಾದರೂ ಬಿಸಿ ಮಾಡಿಕೊಡಬಹುದು.

ಜೀಪ್ ಸ್ಟ್ಯಾಂಡ್:
ಕಣದಂಚು ಅವರೇ, ಕೊನೆಗೆ ಏನು ಮಾಡಿದಿರಿ? ಅಂಗಡಿಗೆ ಮತ್ತೆ ಹೋದಿರೋ ಇಲ್ಲವೋ?

ಕಣದಂಚು:
ಹೋದೆವು. ಗುರುವಾರ ಮತ್ತೆ ಡ್ರೆಸ್ಸಿಂಗ್ ಇತ್ತು. ನಾನು ಬೇರೆ ಕಡೆ ಹೋಗೋಣವೆಂದೆ. ಅಪ್ಪನೇ ಅಲ್ಲಿಗೆ ನಡೆದರು. ಮಳೆಯ ದಿನವಾದ್ದರಿಂದ ಅಂಗಡಿ ಖಾಲಿಯಿತ್ತು. ಅಂದು ಗಲ್ಲಾದಲ್ಲಿ ಮಾಲೀಕರೇ ಇದ್ದರು. ನಾನು ಶನಿವಾರದ ಬಿಲ್ಲನ್ನು ಮೇಜಿನ ಮೇಲಿಟ್ಟು, ಲೆಕ್ಕದ ಪುಸ್ತಕದವರು ಹೇಳಿದ ಎರಡು ಮಾತನ್ನು ಜಗಳದ ದನಿಯಿಲ್ಲದೆ ಹೇಳಿದೆ. ಮೊದಲು ಅವರು ಸಾಫ್ಟ್‌ವೇರ್ ತಾನಾಗಿಯೇ ಹಾಕುತ್ತದೆ ಎಂದರು. ಆಮೇಲೆ ಬಿಲ್ಲನ್ನು ತಿರುಗಿಸಿ ನೋಡಿ, ಡ್ರಾಯರಿನಿಂದ 25 ರೂಪಾಯಿ ತೆಗೆದುಕೊಟ್ಟರು. ಅಪ್ಪ 85 ಪೈಸೆ ಹೆಚ್ಚಾಯಿತೆಂದರು. ಮಾಲೀಕರು ನಕ್ಕರು, ಮೇಜಿನ ವಿಷಯಕ್ಕೆ ಮಾತ್ರ ಕ್ಷಮೆ ಕೇಳಲಿಲ್ಲ, ಶನಿವಾರ ಹಾಗೆಯೇ ಎಂದರು.

ಕಿಟಕಿಯ ಬಳಿ ಕುಳಿತೆವು. ಪುಕ್ಕಟೆ ಕೊಡುತ್ತೇನೆಂದ ಕಾಫಿಯನ್ನು ಅಪ್ಪ ಒಪ್ಪಲಿಲ್ಲ, ದುಡ್ಡು ಕೊಟ್ಟೇ ಕುಡಿದರು. ಈ ಸಲ ಕಪ್ಪನ್ನು ಮುಟ್ಟಲಾಗದಷ್ಟು ಬಿಸಿಯಿತ್ತು. ಹುಡುಗ ಕಪ್ಪನ್ನು ಬಿಸಿನೀರಿನಲ್ಲಿ ತೊಳೆದು ತರುವುದನ್ನು ನಾನೇ ನೋಡಿದೆ. ಬಿಲ್ಲಿನಲ್ಲಿ ಸೇವಾ ಶುಲ್ಕವಿರಲಿಲ್ಲ. ಪಕ್ಕದ ಮೇಜಿನವರ ಬಿಲ್ಲಿನಲ್ಲಿ ಇತ್ತೋ ಇಲ್ಲವೋ ನೋಡಲು ಪಕ್ಕದ ಮೇಜಿನಲ್ಲಿ ಯಾರೂ ಇರಲಿಲ್ಲ. ಹೊರಡುವಾಗ ಅಪ್ಪ ಮೇಜಿನ ಮೇಲೆ ಬಿಡದೆ, ಆ 25 ರೂಪಾಯಿಯನ್ನು ಹುಡುಗನ ಕೈಗೇ ಕೊಟ್ಟರು.

ಹಳೇ ಸಪ್ಲೈಯರ್:
ಕೈಗೇ ಕೊಟ್ಟದ್ದು ಒಳ್ಳೆಯದಾಯಿತು. ಮೇಜಿನ ಮೇಲೆ ಬಿಟ್ಟಿದ್ದರೆ ಅದು ಮತ್ತೆ ಅದೇ ಡ್ರಾಯರಿಗೆ ಹೋಗುತ್ತಿತ್ತು.

ಹೂಮಳೆ:
ಪುಡಿ ಯಾವುದೆಂದು ಈ ಸಲವಾದರೂ ತಿಳಿಯಿತೇ?

ಕಣದಂಚು:
ತಿಳಿಯಿತು. ಅಪ್ಪ ಮತ್ತೆ ಕೇಳಿದ್ದಕ್ಕೆ ಮಾಲೀಕರು ಒಳಗಿನಿಂದ ಪೊಟ್ಟಣವನ್ನೇ ತರಿಸಿ ತೋರಿಸಿದರು. ಕಾಫಿ ಶೇ. 53, ಚಿಕೋರಿ ಶೇ. 47. ಹೊರಗಿನ ಊರಿನಿಂದ ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತದಂತೆ.